ಯಾರು ಬೆಳೆದಿದ್ದು?

ನಮ್ಮ ದೊಡ್ಡಮ್ಮ ಶಾಲೆಯ ಅಡುಗೆಮನೆಗೆ ಕಾಲಿಡುವ ಮೊದಲು ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮುತ್ತಾಳೆ. ಗಂಟಲು ಕೆಟ್ಟಿದೆ ಅಂತಲ್ಲ, ಒಳಗಿರುವವರಿಗೆ ತಾನು ಬಂದೆ ಅಂತ ತಿಳಿಸುವುದಕ್ಕೆ. ಒಳಗೆ ಯಾರೂ ಇರುವುದಿಲ್ಲ.

ಕಾಲೇಜಿನ ರಜೆಗೆ ಬಂದ ಮೊದಲ ದಿನವೇ ನಾನಿದನ್ನು ನೋಡಿ, "ಯಾರಿದಾರೆ ದೊಡ್ಡಮ್ಮ ಒಳಗೆ?" ಅಂದೆ.

"ನಮ್ಮತ್ತೆ," ಅಂದಳು, ಬೀಗ ತಿರುಗಿಸುತ್ತಾ, ಹಾಲಿನವನು ಬಂದ ಅನ್ನುವಷ್ಟು ಸಲೀಸಾಗಿ.

ಅವಳ ಅತ್ತೆ ತೀರಿಕೊಂಡಾಗ ನಾನು ಇನ್ನೂ ಅಕ್ಷರ ಕಲಿಯುತ್ತಿದ್ದೆ! ನಾನು ಬಾಗಿಲಲ್ಲೇ ನಿಂತುಬಿಟ್ಟೆ. ದೊಡ್ಡಮ್ಮ ಮಾತ್ರ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, "ಬಾರೇ, ಬಾಗಿಲಲ್ಲಿ ನಿಂತ್ಕೊಂಡ್ರೆ ಅವ್ರಿಗಾಗಲ್ಲ," ಅಂದಳು.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಆದರೆ ಶಾಲೆಗೆಲ್ಲ ಅವಳು ದೊಡ್ಡಮ್ಮನೇ, ಹೆಡ್‌ಮಿಸ್ ಕೂಡ ಹಾಗೇ ಕರೆಯುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಈ ಅಡುಗೆಮನೆಯ ಯಜಮಾನಿಕೆ ಅವಳ ಅತ್ತೆಯದು. ಸೊಸೆಯನ್ನು ಕೈಹಿಡಿದು ಒಲೆಯ ಮುಂದೆ ನಿಲ್ಲಿಸಿದವರೂ ಅವರೇ, ದಿನಾ ಬೈದವರೂ ಅವರೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಿತ್ತಂತೆ ಇಬ್ಬರ ಸಂಸಾರ. "ಅದ್ರಲ್ಲಿ ಕೋಣ ಯಾರು ದೊಡ್ಡಮ್ಮ?" ಅಂತ ಕೇಳಿದ್ದಕ್ಕೆ ನನ್ನ ತಲೆಗೊಂದು ಮೊಟಕು ಬಿತ್ತು.

ಅತ್ತೆಗೆ ಒಂದು ಕಟ್ಟುನಿಟ್ಟಿತ್ತು. ಅಡುಗೆಯೆಲ್ಲ ಆದಮೇಲೆ ಮಕ್ಕಳು ತಟ್ಟೆ ಹಿಡಿದು ಸಾಲು ನಿಲ್ಲಬೇಕು. ಅತ್ತೆ ಹೊಸ್ತಿಲ ಮೇಲೆ ಕೂತು, ಎಲ್ಲರೂ ನೋಡುತ್ತಿರುವ ಹಾಗೇ, ಪಾತ್ರೆಯಲ್ಲಿದ್ದದ್ದನ್ನೆಲ್ಲ ಬಡಿಸಿಕೊಂಡು ಒಂದು ತಟ್ಟೆ ಪೂರ್ತಿ ಊಟ ಮಾಡುತ್ತಿದ್ದರು. ಬರೀ ರುಚಿ ನೋಡುವುದಲ್ಲ, ಊಟ. ಆಮೇಲೆ ಕೈ ತೊಳೆದು, ಗೋಡೆಯ ಮೊಳೆಯಿಂದ ಕಬ್ಬಿಣದ ದೊಡ್ಡ ಸೌಟು ತೆಗೆದು, ಪಾತ್ರೆಯ ಅಂಚಿಗೆ ಎರಡು ಸಲ ಬಡಿಯುತ್ತಿದ್ದರು. ಟಣ್, ಟಣ್. ಆಗ ಬಡಿಸಬಹುದು. ಅಲ್ಲಿಯವರೆಗೆ ಅಳುವ ಮಗುವಿಗೂ ಒಂದು ತುತ್ತಿಲ್ಲ.

ಒಂದು ದಿನ ಶಾಲೆಯ ವ್ಯಾನಿನಲ್ಲಿ ಕಾಳಿನ ಮೂಟೆಗಳು ಬಂದವು. ಚೆನ್ನಾಗಿ ಬೆಂದವು, ಒಳ್ಳೆಯ ವಾಸನೆ ಬಂತು. ಅತ್ತೆ ಹೊಸ್ತಿಲ ಮೇಲೆ ಕೂತು ತಿಂದರು, ಚೆನ್ನಾಗಿದೆ ಅಂದರು, ಸೌಟು ಬಡಿದರು. ಸಂಜೆಯ ಹೊತ್ತಿಗೆ ಆಸ್ಪತ್ರೆಯ ವರಾಂಡದಲ್ಲಿ ಮಕ್ಕಳನ್ನು ಮಲಗಿಸಲು ಜಾಗವಿರಲಿಲ್ಲ.

ಮಕ್ಕಳೆಲ್ಲ ಗುಣವಾದರು. ಮೊದಲು ತಿಂದ ಅತ್ತೆ, ವಯಸ್ಸಾದ ಜೀವ, ಆಗಲಿಲ್ಲ. ಮಂಚದ ಮೇಲೆ ಅವರು ನೀರು ಕೇಳಲಿಲ್ಲ, ಮಗನನ್ನು ಕೇಳಲಿಲ್ಲ. ಸೊಸೆಯ ಮಣಿಕಟ್ಟು ಹಿಡಿದು ಒಂದನ್ನೇ ಕೇಳುತ್ತಿದ್ದರು. "ಆ ಕಾಳು ಯಾರು ಬೆಳೆದಿದ್ದು?"

ದೊಡ್ಡಮ್ಮ ಆಗಿನ ಹೆಡ್‌ಮಾಸ್ಟರನ್ನು ಕೇಳಿದಳು. ಅವರು ಮೂಟೆ ತಂದವನನ್ನು ಕೇಳಿದರು. ಅವನು ಗೋಡೌನಿನವರನ್ನು ತೋರಿಸಿದ, ಆ ಗೋಡೌನಿನವರು ಇನ್ನೊಂದು ಗೋಡೌನನ್ನು. ಮೂಟೆಯ ಹಿಂದೆ ಮೂಟೆ ಇತ್ತು, ಮನುಷ್ಯನೇ ಇರಲಿಲ್ಲ! ಉತ್ತರ ಬರುವ ಮೊದಲೇ ಅತ್ತೆ ಹೋದರು. ಹೋದರು ಅಂತ ಬೇರೆಯವರು ಹೇಳುತ್ತಾರೆ.

ಅಡುಗೆಮನೆಗೆ ಬೀಗ ಬಿತ್ತು. ದೂರದ ಯಾವುದೋ ಫ್ಯಾಕ್ಟರಿಯಿಂದ ಡಬ್ಬಿ ಊಟ ಬರತೊಡಗಿತು. ಮೇಲೆ ಪ್ಲಾಸ್ಟಿಕ್ ಹಾಳೆ, ಒಳಗೆ ಕಿತ್ತಳೆ ಬಣ್ಣದ್ದೇನೋ, ಪಕ್ಕದಲ್ಲಿ ಸಿಹಿ ಬನ್ನು. ದೊಡ್ಡಮ್ಮನ ಕೆಲಸ ಹಾಳೆ ಕತ್ತರಿಸುವುದು, ಡಬ್ಬಿ ಒಟ್ಟುಮಾಡುವುದು. ಮಕ್ಕಳು ಬನ್ನು ತಿಂದು ಉಳಿದದ್ದನ್ನು ತೊಟ್ಟಿಗೆ ಹಾಕುತ್ತಿದ್ದರು. ಕಾಗೆಗಳು ಸಹ ಬಂದು, ಕತ್ತು ಓರೆ ಮಾಡಿ ನೋಡಿ, ಬೇಡ ಅಂತ ಹಾರಿಹೋಗುತ್ತಿದ್ದವು. ಮಧ್ಯಾಹ್ನದ ಕ್ಲಾಸಿನಲ್ಲಿ ಅರ್ಧ ಬೆಂಚು ನಿದ್ದೆ, ಅರ್ಧ ಬೆಂಚು ಹಸಿವು.

ಊಟದ ಬೆಲ್ಲಾದಾಗ, ಬೀಗ ಹಾಕಿದ ಅಡುಗೆಮನೆಯೊಳಗಿಂದ ಒಂದು ಸದ್ದು ಬರುತ್ತಿತ್ತಂತೆ. ಟಣ್. ಒಂದೇ ಏಟು. ಮಕ್ಕಳು ಕಿವಿ ನಿಮಿರಿಸಿ ಎರಡನೆಯದಕ್ಕೆ ಕಾಯುತ್ತಿದ್ದರು. ಅದು ಬರುತ್ತಲೇ ಇರಲಿಲ್ಲ. ಇಲಿ ಅಂದರು ಮೇಷ್ಟ್ರು. "ಇಲಿಗೆ ಸೌಟು ಎತ್ತೋಕಾಗುತ್ತಾ ಸಾರ್?" ಅಂತ ಒಬ್ಬಳು ಕೇಳಿದಳಂತೆ. ಅವತ್ತಿನಿಂದ ಮೇಷ್ಟ್ರೂ ಆ ಗೋಡೆಯ ಪಕ್ಕ ನಡೆಯುವುದನ್ನು ಬಿಟ್ಟರು.

ಈ ವರ್ಷ ಹೊಸ ಹೆಡ್‌ಮಿಸ್ ಬಂದರು. ಮಾತೂ ವೇಗ, ನಡಿಗೆಯೂ ವೇಗ. ಬಂದ ವಾರವೇ ಒಂದು ಡಬ್ಬಿ ತೆಗೆದು ಎರಡು ತುತ್ತು ತಿಂದು, ಮೂರನೆಯದನ್ನು ತಿನ್ನಲಾರದೆ, ಸೀದಾ ದೊಡ್ಡಮ್ಮನ ಹತ್ತಿರ ಬಂದರು.

"ದೊಡ್ಡಮ್ಮ, ಕಿಚನ್ ಬೀಗ ತೆಗೆಸ್ತೀನಿ. ಸುತ್ತಮುತ್ತ ಇಷ್ಟೊಂದು ತೋಟ ಇದೆ, ನಮ್ಮ ಮಕ್ಳು ಯಾಕೆ ಈ ಬಣ್ಣ ತಿನ್ಬೇಕು? ನೀವು ಅಡುಗೆ ಮಾಡ್ಬೇಕು."

"ಒಳಗೆ ನಮ್ಮತ್ತೆ ಇದಾರೆ ಮೇಡಂ."

ಹೆಡ್‌ಮಿಸ್ ಕಣ್ಣು ಮಿಟುಕಿಸಲಿಲ್ಲ. "ಒಳ್ಳೇದೇ ಆಯ್ತು. ಇನ್ನೊಂದು ಕೈ ಸಿಕ್ತು."

ದೊಡ್ಡಮ್ಮ ಒಂದು ಷರತ್ತು ಹಾಕಿದಳು. ಬೆಳೆದವರ ಮುಖವನ್ನು ತಾನು ನೋಡಿರಬೇಕು. ಮುಖ ನೋಡದ ಒಂದು ಕಾಳೂ ಪಾತ್ರೆಗೆ ಬೀಳಬಾರದು. ಶಾಲಾ ಸಮಿತಿಯ ಅಧ್ಯಕ್ಷರೂ ಒಂದು ಷರತ್ತು ಹಾಕಿದರು. ಒಂದು ದಿನ ಅಡುಗೆ ಮಾಡಿ ತೋರಿಸಲಿ, ಅಪ್ಪ ಅಮ್ಮಂದಿರೂ ಬಂದು ನೋಡಲಿ. ಮಕ್ಕಳಿಗೆ ಸಾಲದಿದ್ದರೆ, ಏನಾದರೂ ಎಡವಟ್ಟಾದರೆ, ಡಬ್ಬಿಯವರೇ ಮುಂದುವರಿಯುತ್ತಾರೆ. ಅಡುಗೆಮನೆ ಒಡೆದು ಅವರ ವ್ಯಾನು ನಿಲ್ಲಿಸಲು ಜಾಗ ಮಾಡುವುದು.

"ಗೋಡೆ ಒಡೆದ್ರೆ ಅತ್ತೆ ಎಲ್ಲಿಗೆ ಹೋಗ್ತಾರೆ?" ಅಂದಳು ದೊಡ್ಡಮ್ಮ, ಆ ಹೊತ್ತಿಗೆ ರಜೆಗೆ ಬಂದಿದ್ದ ನನ್ನ ಹತ್ತಿರ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಕೇಳಿದ್ದಕ್ಕೆ ಉತ್ತರಾನೂ ಸಿಕ್ಕಿಲ್ಲ ಅವ್ರಿಗೆ."

ನಾವಿಬ್ಬರೂ ತೋಟ ತೋಟ ಸುತ್ತಿದೆವು. ಶಾಲೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಸೊಪ್ಪಿನಕ್ಕನ ಮಡಿಗಳು, ಅದರಾಚೆ ಅವಳ ಭಾವನ ಜೋಳದ ಹೊಲ. ಅಷ್ಟು ವರ್ಷ ಆ ಸೊಪ್ಪೆಲ್ಲ ಲಾರಿ ಹತ್ತಿ ಎಲ್ಲಿಗೋ ಹೋಗುತ್ತಿತ್ತು, ಮಗ್ಗುಲಲ್ಲೇ ಮಕ್ಕಳು ಡಬ್ಬಿ ತಿನ್ನುತ್ತಿದ್ದರು, ಎಂಥ ವಿಚಿತ್ರ! ಆಮೇಲೆ ಕುಂಬಳದಣ್ಣ, ಒಂದೊಂದು ಕುಂಬಳಕಾಯಿಯನ್ನೂ ಮಗುವಿನಂತೆ ಕಂಕುಳಲ್ಲಿಟ್ಟುಕೊಂಡು ತೋರಿಸಿದ. ಮೊಟ್ಟೆ ಅಜ್ಜಿ ತನ್ನ ಕೋಳಿಗಳನ್ನು ಒಂದೊಂದಾಗಿ ಪರಿಚಯಿಸಿದಳು. ಕೊನೆಗೆ ಮೀಸೆ ಮಾವ, ಕಾಳು ಅವನದು. ದೊಡ್ಡಮ್ಮ ಅವನ ಹೊಲದ ನಡುವೆ ನಿಂತು, ಒಂದು ಕಾಯಿ ಬಿಡಿಸಿ, ಕಾಳನ್ನು ಅಂಗೈಯಲ್ಲಿ ಬಹಳ ಹೊತ್ತು ಇಟ್ಟುಕೊಂಡಳು. "ನೀನೇ ಬೆಳೆದಿದ್ದಾ?" ಅಂದಳು. "ಮತ್ತೆ ನನ್ನ ಮೀಸೆ ಬೆಳೀತಾ?" ಅಂದ ಅವನು. ಅವನ ಹೆಂಡತಿ ನಕ್ಕು ನಕ್ಕು ಬದುವಿನ ಮೇಲೆ ಕೂತುಬಿಟ್ಟಳು.

ಪರೀಕ್ಷೆಯ ದಿನ ನಾನು ಅಡುಗೆಮನೆಯಲ್ಲೇ ಇದ್ದೆ. ಗೋಡೆಯ ಮಸಿ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಎತ್ತರದ ಕಿಟಕಿಯಿಂದ ಬಿಸಿಲು ಬಿದ್ದರೂ ನೀರಿನ ತೊಟ್ಟಿಯ ಹತ್ತಿರ ಒಂದು ಮೊಳ ಜಾಗ ಮಾತ್ರ ತಣ್ಣಗಿತ್ತು. ಒಲೆಗಳೆಲ್ಲ ಉರಿಯುತ್ತಿದ್ದರೂ ಅಲ್ಲಿ ನಿಂತರೆ ಕಾಲು ಜುಮ್ಮೆನ್ನುತ್ತಿತ್ತು. ದೊಡ್ಡಮ್ಮ ಕುಂಬಳ ಹೆಚ್ಚುತ್ತಾ ಆಗಾಗ ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಬಿಟ್ಟು, ಮತ್ತೆ ತನ್ನ ಜಾಗಕ್ಕೆ ಬರುತ್ತಿದ್ದಳು. ಮೊದಲು ನನಗೆ ನಗು ಬಂತು. ಸ್ವಲ್ಪ ಹೊತ್ತಿಗೆ ನಾನೂ ಸರಿಯತೊಡಗಿದೆ. ಒಮ್ಮೆ ಮೇಜಿನ ಅಂಚಿನಲ್ಲಿಟ್ಟ ಉಪ್ಪಿನ ಡಬ್ಬ ತಿರುಗಿ ನೋಡುವಷ್ಟರಲ್ಲಿ ಮಧ್ಯಕ್ಕೆ ಬಂದಿತ್ತು. ನಾನು ಇಟ್ಟಿರಲಿಲ್ಲ. ದೊಡ್ಡಮ್ಮನ ಎರಡೂ ಕೈ ಕುಂಬಳದಲ್ಲಿದ್ದವು.

ಊಟದ ಬೆಲ್ಲಾಯಿತು. ಮಕ್ಕಳು ಸಾಲು ನಿಂತರು. ಬೆಳೆದವರೆಲ್ಲ ಗೋಡೆಗೊರಗಿ ನಿಂತರು, ಅಪ್ಪ ಅಮ್ಮಂದಿರು ವರಾಂಡದಲ್ಲಿ, ಅಧ್ಯಕ್ಷರು ಕುರ್ಚಿಯಲ್ಲಿ. ಬಿಸಿ ರೊಟ್ಟಿ, ಕುಂಬಳವೂ ಸೊಪ್ಪೂ ಹಾಕಿದ ಗಟ್ಟಿ ಸಾರು, ಬೇಯಿಸಿದ ಮೊಟ್ಟೆ, ಎಲ್ಲಕ್ಕಿಂತ ದೊಡ್ಡ ಪಾತ್ರೆಯಲ್ಲಿ ಕಾಳು. ದೊಡ್ಡಮ್ಮ ಎಲ್ಲದರಿಂದಲೂ ಬಡಿಸಿಕೊಂಡು, ಅತ್ತೆ ಕೂರುತ್ತಿದ್ದ ಹೊಸ್ತಿಲ ಮೇಲೆ ಕೂತಳು. ತುತ್ತು ಎತ್ತಿದಳು. ಕೈ ಅರ್ಧದಲ್ಲೇ ನಿಂತಿತು.

"ಕೇಳ್ತಿದಾರೆ," ಅಂದಳು.

ನನಗೇನೂ ಕೇಳಿಸಲಿಲ್ಲ. ಬೆನ್ನ ಹಿಂದೆ ಮಾತ್ರ ತಣ್ಣನೆ ಗಾಳಿ, ಒಲೆಗಳ ಕಡೆಯಿಂದ!

ದೊಡ್ಡಮ್ಮ ಅಡುಗೆಮನೆಯೊಳಗೆ ಮುಖ ತಿರುಗಿಸಿ, ಶಾಲೆಗೆಲ್ಲ ಕೇಳುವ ಹಾಗೆ ಹೇಳತೊಡಗಿದಳು. "ಕುಂಬಳ, ನೋಡಿ ಅತ್ತೆ, ಆ ಅಣ್ಣ ಬೆಳೆದಿದ್ದು. ಸೊಪ್ಪು ಗೋಡೆ ಆಚೆ ಅಕ್ಕಂದು. ರೊಟ್ಟಿ ಹಿಟ್ಟು ಸೊಪ್ಪಿನಕ್ಕನ ಭಾವನ ಹೊಲದ್ದು, ಅಗೋ, ಟೋಪಿ ಹಾಕಿದಾನಲ್ಲ, ಅವನೇ. ಮೊಟ್ಟೆ ಈ ಅಜ್ಜಿದು."

"ನಂದಲ್ಲ, ಕೋಳೀದು," ಅಂದಳು ಮೊಟ್ಟೆ ಅಜ್ಜಿ. ಮಕ್ಕಳು ಕಿಸಕ್ಕೆಂದರು.

"ಕಾಳು ಮೀಸೆ ಮಾವಂದು," ಅಂತ ಮುಗಿಸಿ ದೊಡ್ಡಮ್ಮ ಮತ್ತೆ ತುತ್ತೆತ್ತಿದಳು. ಮತ್ತೆ ಕೈ ನಿಂತಿತು. ತುತ್ತನ್ನು ತಟ್ಟೆಗಿಟ್ಟಳು. "ಮತ್ತೆ ಕೇಳ್ತಿದಾರೆ."

ಅಧ್ಯಕ್ಷರು ವಾಚು ನೋಡಿಕೊಂಡರು. "ಏನಮ್ಮಾ ಇದು, ಊಟಾನೋ ನಾಟಕಾನೋ?"

ಹೆಡ್‌ಮಿಸ್ ಬಗ್ಗಿ ಪಿಸುಗುಟ್ಟಿದರು. "ದೊಡ್ಡಮ್ಮ, ಪ್ಲೀಸ್, ಇವತ್ತೊಂದಿನ."

"ಹೇಳಿದ್ಮೇಲೂ ಕೇಳ್ತಿದಾರೆ ಅಂದ್ರೆ ಯಾವ್ದೋ ಒಂದು ಸರಿ ಹೇಳಿಲ್ಲ ಮೇಡಂ."

ಅಷ್ಟರಲ್ಲಿ ಮೀಸೆ ಮಾವನ ಹೆಂಡತಿ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದದ್ದನ್ನು ನಾನು ಕಂಡೆ.

"ಹೇಳ್ರೀ. ಬಾಯಿಗೇನು ಹೊಲಿಗೆ ಹಾಕಿಸ್ಕೊಂಡಿದೀರಾ?"

ಮೀಸೆ ಮಾವ ನೆಲ ನೋಡಿದ. "ಒಂದು ಮೂಟೆ ಕಮ್ಮಿ ಬಿತ್ತು ಅಕ್ಕ. ಮಕ್ಳಿಗೆ ಸಾಲಲ್ಲ ಅಂತ ಪೇಟೆಯಿಂದ ತಂದು ಸೇರಿಸ್ದೆ. ಒಳ್ಳೇ ಕಾಳೇ, ಮುತ್ತಿನಂಗಿತ್ತು."

"ಯಾರು ಬೆಳೆದಿದ್ದು?"

"ಅದು... ಗೊತ್ತಿಲ್ಲ."

ದೊಡ್ಡಮ್ಮ ತಟ್ಟೆ ಕೆಳಗಿಟ್ಟಳು. ಅಧ್ಯಕ್ಷರು ಎದ್ದು ನಿಂತರು. "ಕಾಳು ಕೆಟ್ಟಿದೆಯೇನಮ್ಮಾ?"

"ಗೊತ್ತಿಲ್ಲ ಸಾರ್."

"ಮತ್ತೆ? ಅದನ್ನ ತೆಗೆದಿಟ್ರೆ ಇಷ್ಟು ಮಕ್ಳಿಗೆ ಸಾಲುತ್ತಾ? ಸಾಲದಿದ್ರೆ ಏನಾಗುತ್ತೆ ಗೊತ್ತಲ್ಲ?"

ದೊಡ್ಡಮ್ಮ ಮಸಿ ಹಿಡಿದ ಗೋಡೆಯನ್ನು ಒಮ್ಮೆ ನೋಡಿದಳು, ಇನ್ನು ನೋಡಲು ಸಿಗುವುದಿಲ್ಲವೇನೋ ಅನ್ನುವಂತೆ. "ಗೊತ್ತು ಸಾರ್. ನಮ್ಮತ್ತೆ ತಿಂದು, ಚೆನ್ನಾಗಿದೆ ಅಂದೇ ಬಡಿಸಿದ್ರು. ನಾಲಿಗೆಗೆ ಎಲ್ಲಾ ಗೊತ್ತಾಗಲ್ಲ," ಅಂದಳು. ಆಮೇಲೆ ನನಗೆ, "ಹಿಡ್ಕೊಳ್ಳೇ ಆ ಕಡೆ."

ಅಷ್ಟು ದೊಡ್ಡ ಪಾತ್ರೆ, ಹಬೆಯಾಡುತ್ತಿತ್ತು. ನಾವಿಬ್ಬರೂ ಅದನ್ನೆತ್ತಿ ಹಿಂದಿನ ಬಾಗಿಲಾಚೆ ಇಟ್ಟು ಮುಚ್ಚಳ ಮುಚ್ಚಿದೆವು. ಹಿಂತಿರುಗಿ ಬಂದು ದೊಡ್ಡಮ್ಮ ಬೇರೆ ತಟ್ಟೆ ಹಾಕಿಕೊಂಡು ಕೂತಳು. ರೊಟ್ಟಿ ಮುರಿದಳು. ಈ ಸಲ ಕೈ ನಿಲ್ಲಲಿಲ್ಲ. ನಿಧಾನವಾಗಿ, ಮಕ್ಕಳ ಹೊಟ್ಟೆ ಗುರುಗುಟ್ಟುವುದು ಕೇಳುವಷ್ಟು ನಿಶ್ಶಬ್ದದಲ್ಲಿ, ತಟ್ಟೆ ಖಾಲಿ ಮಾಡಿದಳು. ಕೈ ತೊಳೆದಳು. ಅಷ್ಟು ವರ್ಷ ಯಾರೂ ಮುಟ್ಟದ ಸೌಟನ್ನು ಮೊಳೆಯಿಂದ ತೆಗೆದಳು. ಅದರ ಹಿಡಿ ಬೆಚ್ಚಗಿತ್ತು ಅಂತ ಆಮೇಲೆ ನನಗೆ ಹೇಳಿದಳು.

ಟಣ್.

ಮಕ್ಕಳು ಉಸಿರು ಹಿಡಿದರು.

ಟಣ್.

ಊಟ ಅಂದರೆ ಊಟ! ಬನ್ನು ಮಾತ್ರ ತಿನ್ನುತ್ತಿದ್ದ ಮಕ್ಕಳು ಸಾರಿನ ತಟ್ಟೆ ಬೆರಳಲ್ಲಿ ಬಳಿದರು. ಅಧ್ಯಕ್ಷರು ಹೇಳಿದ್ದೇ ಆಯಿತು, ಸಾಲಲಿಲ್ಲ. ಸಾಲಿನ ಕೊನೆಯವರ ಹೊತ್ತಿಗೆ ಸೌಟು ತಳ ಕೆರೆಯುತ್ತಿತ್ತು. ಆಗ ಸೊಪ್ಪಿನಕ್ಕ ಸೀರೆ ಎತ್ತಿಕಟ್ಟಿ ಗೋಡೆ ಹಾರಿಯೇಬಿಟ್ಟಳು, ಮಣ್ಣು ಮೆತ್ತಿದ ಕ್ಯಾರೆಟ್ಟು ಮಡಿಲು ತುಂಬ ಕಿತ್ತು ತಂದಳು. ಮೀಸೆ ಮಾವ ಎಲ್ಲಿ ಹೋದ ಅಂತ ನೋಡುವಷ್ಟರಲ್ಲಿ, ಸೈಕಲ್ಲಿನ ಮೇಲೆ ಸೌತೆಕಾಯಿಯ ಬುಟ್ಟಿ ಹೇರಿಕೊಂಡು, ಏದುಸಿರು ಬಿಡುತ್ತಾ ಬಂದ.

"ಇದು ನಂದೇ ಅಕ್ಕ. ನನ್ನಾಣೆಗೂ ನಾನೇ ಬೆಳೆದಿದ್ದು. ಬೇಕಾದ್ರೆ ನಿಮ್ಮತ್ತೇನ ಕೇಳಿ!"

ದೊಡ್ಡಮ್ಮ ಒಂದು ಸೌತೆಕಾಯಿ ಮುರಿದು ತಿಂದಳು, ತಲೆಯಾಡಿಸಿದಳು. ಎಲ್ಲರೂ ಸೇರಿ ನಲ್ಲಿಯಡಿ ತೊಳೆದು ಮಕ್ಕಳಿಗೆ ಕೊಟ್ಟರು. ಅಂಗಳವೆಲ್ಲ ಕರಂ ಕರಂ. ಅಧ್ಯಕ್ಷರು ಖಾಲಿ ಪಾತ್ರೆಗಳನ್ನೂ ಕಸದ ತೊಟ್ಟಿಯನ್ನೂ ಇಣುಕಿ ನೋಡಿದರು. ತೊಟ್ಟಿಯಲ್ಲಿ ಮೊಟ್ಟೆಯ ಸಿಪ್ಪೆ ಬಿಟ್ಟು ಏನೂ ಇರಲಿಲ್ಲ. "ಗೋಡೆ ಸದ್ಯಕ್ಕೆ ಇರ್ಲಿ," ಅಂದರು, ಇನ್ನೊಂದು ಸೌತೆಕಾಯಿಗೆ ಕೈ ಚಾಚುತ್ತಾ.

ಆ ಕಾಳನ್ನು ಮೀಸೆ ಮಾವ ಹಟ ಹಿಡಿದು ಮನೆಗೊಯ್ದ. ತಾನೂ ತಿಂದ, ಮನೆಯವರೂ ತಿಂದರು, ಕೋಳಿಗಳಿಗೂ ಹಾಕಿದ. ಯಾರಿಗೂ ಏನೂ ಆಗಲಿಲ್ಲ. ಮರುದಿನ ಬಂದು ಎದೆ ಉಬ್ಬಿಸಿ ಹೇಳಿದ. "ನೋಡಿ ಅಕ್ಕ, ಗುಂಡುಕಲ್ಲಿನಂಗಿದೀನಿ. ಸುಮ್ನೆ ಎತ್ತಿಟ್ರಿ."

"ಇರ್ಬಹುದಪ್ಪ," ಅಂದಳು ದೊಡ್ಡಮ್ಮ. "ಕಾಳಿನ ತಪ್ಪು ಅಂತ ನಾನೆಲ್ಲಿ ಅಂದೆ? ಅವ್ರು ಕೇಳಿದ್ರೆ ನಾನೇನು ಹೇಳ್ಲಿ?"

ಈಗ ದಿನಾ ಹಾಗೇ. ದೊಡ್ಡಮ್ಮ ತಟ್ಟೆ ಹಿಡಿದು ಹೊಸ್ತಿಲ ಮೇಲೆ ಕೂತ ಕೂಡಲೇ ಸಾಲಿನಲ್ಲಿರುವ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರೆ, "ಯಾರು ಬೆಳೆದಿದ್ದು?" ಅವಳು ಒಂದೊಂದನ್ನೂ ಹೇಳುತ್ತಾಳೆ. ಬೆಳೆದವರು ಅಲ್ಲಿದ್ದರೆ ಕೈ ಎತ್ತುತ್ತಾರೆ, ನಾಚುತ್ತಾರೆ. ಮೊಟ್ಟೆ ಅಜ್ಜಿಯಂತೂ ಕೈ ಎತ್ತುವುದಕ್ಕೆಂದೇ ಬರುತ್ತಾಳೆ.

ನಾನು ಹೊರಡುವ ದಿನ ಮಕ್ಕಳ ಜೊತೆ ಸಾಲಿನಲ್ಲಿ ನಿಂತು ನಾನೂ ಕೂಗಿದೆ. ಎಲ್ಲರ ದನಿಯೂ ಒಟ್ಟಿಗೆ ನಿಂತಿತು. ಆಮೇಲೆ, ಸ್ವಲ್ಪ ತಡವಾಗಿ, ಅಡುಗೆಮನೆಯ ಒಳಗಿಂದ, ಒಣಗಿದ ಗಂಟಲಿನ ಒಂದು ದನಿ ಮಾತ್ರ ಅದೇ ಮಾತನ್ನು ಮುಗಿಸಿತು. ಮಕ್ಕಳು ಯಾರೂ ಬೆದರಲಿಲ್ಲ. ಅವರಿಗೆ ಅದು ರೂಢಿಯಾಗಿಬಿಟ್ಟಿತ್ತು.

ದೊಡ್ಡಮ್ಮ ಒಳಗೆ ಮುಖ ತಿರುಗಿಸಿ, ಮಕ್ಕಳಿಗಿಂತ ಮೊದಲು, ಆ ದನಿಗೇ ಉತ್ತರ ಹೇಳಲು ಶುರು ಮಾಡಿದಳು.