ಒಳ್ಳೆಣ್ಣೆ ಮತ್ತು ನಲ್ಲಿ ಮೂಳೆ

ಇದು ನಡೆದದ್ದು ಒಂದು ಮಂಗಳವಾರ ಎಂದು ನನ್ನ ನೆನಪು ಆಣೆ ಮಾಡಿ ಹೇಳುತ್ತದೆ. ಆದರೆ ನಾನು ಎಂಎಸ್ಸಿಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದೆ ಎಂದೂ ಇದೇ ನೆನಪು ಆಣೆ ಮಾಡುತ್ತಿತ್ತು. ಹತ್ತು ವರ್ಷ ಎಲ್ಲರಿಗೂ ಹಾಗೇ ಹೇಳಿದ ಮೇಲೆ ಟ್ರಂಕಿನ ತಳದಲ್ಲಿ ಅಂಕಪಟ್ಟಿ ಸಿಕ್ಕಿ ಮಾನ ಹೋಯಿತು. ಆದ್ದರಿಂದ ಮುಂದಿನ ಕಥೆಯಲ್ಲಿ ನಡೆದದ್ದೆಷ್ಟು, ನಾನು ಹೇಳಿ ಹೇಳಿ ನಡೆಸಿಬಿಟ್ಟದ್ದೆಷ್ಟು ಎಂದು ಕೇಳಬೇಡಿ. ಬಾಡು ಕೆಡಲಿಲ್ಲ, ಅಷ್ಟು ಗಟ್ಟಿ. ಬಹುಶಃ.

ಎಪ್ಪತ್ತರ ದಶಕದ ಕೊನೆ, ಡಿಸೆಂಬರ್ ಚಳಿ. ರಸಾಯನಶಾಸ್ತ್ರದ ಪರೀಕ್ಷೆ ಬರೆದು, ಜಗತ್ತಿನಲ್ಲಿ ನಂಬತಕ್ಕದ್ದು ತಕ್ಕಡಿ ಮತ್ತು ಥರ್ಮಾಮೀಟರ್ ಎರಡೇ ಎಂದು ತೀರ್ಮಾನಿಸಿ, ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿದ್ದ ದೊಡ್ಡಮ್ಮನ ಮನೆಗೆ ಬಂದಿದ್ದೆ. ಅಪ್ಪನ ಕೆಲಸದಿಂದಾಗಿ ನಾನು ಬೆಳೆದದ್ದೆಲ್ಲ ಮಂಗಳೂರಿನಲ್ಲಿ. ಇದನ್ನು ನೆನಪಿಡಿ, ಅನಾಹುತದ ಬೇರು ಅಲ್ಲೇ ಇದೆ.

ದೊಡ್ಡಮ್ಮನ ಮಗಳು ನಾಗಕ್ಕನನ್ನು ಬಂಗಾರಪೇಟೆಯ ಸೈಕಲ್ ಅಂಗಡಿಯ ಕೃಷ್ಣಪ್ಪ ಭಾವನಿಗೆ ಕೊಟ್ಟಿದ್ದರು. ಮದುವೆ ಚೆನ್ನಾಗೇ ಆಯಿತು. ಕೆಟ್ಟದ್ದು ಆಮೇಲಿನ ಬೀಗರೂಟದಲ್ಲಿ. ಅಳಿಯನ ಎಲೆಗೆ ಬೀಳಬೇಕಾಗಿದ್ದ ನಲ್ಲಿ ಮೂಳೆ, ಒಳಗೆ ಮಜ್ಜೆ ತುಂಬಿದ ಆ ರಾಜಮೂಳೆ, ಪಕ್ಕದಲ್ಲಿ ಕೂತಿದ್ದ ಯಾರೋ ದೂರದ ನೆಂಟನ ಎಲೆಗೆ ಬಿತ್ತು. ಭಾವ ಕೈ ತೊಳೆದು ಎದ್ದವರು ಮತ್ತೆ ಈ ಕಡೆ ತಲೆಹಾಕಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಅರ್ಧ ಗಂಟೆಯ ರೈಲಿನ ದಾರಿ, ಆರು ತಿಂಗಳಿಂದ ದೊಡ್ಡಮ್ಮ ಮಗಳ ಮುಖ ಕಂಡಿರಲಿಲ್ಲ.

ಕೊನೆಗೆ ಭಾವ ಮಂಗಳವಾರ ಬರುತ್ತೇನೆಂದು ಒಪ್ಪಿದರು. ಅಂದು ಬೆಳಿಗ್ಗೆ ಲೈನಿನ ನಾಲ್ಕು ಮನೆಯವರು ಕೂಡಿ ಕುರಿ ಕಡಿದು, ಎಲೆಗಳ ಮೇಲೆ ಗುಡ್ಡೆ ಹಾಕಿ ಹಂಚಿಕೊಂಡರು. ದೊಡ್ಡಮ್ಮ ಜಗಳವಾಡಿ ನಲ್ಲಿ ಮೂಳೆಯಿದ್ದ ಗುಡ್ಡೆಯನ್ನೇ ತಂದರು. ಅದನ್ನು ಇಳಿಸುವಷ್ಟರಲ್ಲಿ ಬಂಗಾರಪೇಟೆಯಿಂದ ಬಂದವರೊಬ್ಬರು ಬಾಗಿಲಲ್ಲೇ ಹೇಳಿ ಹೋದರು: ಅಳಿಯಂದಿರು ಇವತ್ತಲ್ಲ, ನಾಳೆ ಮಧ್ಯಾಹ್ನ ಬರುತ್ತಾರೆ.

“ಇವತ್ತೇ ಬೇಯಿಸಿಡಿ, ನಾಳೆ ಬಿಸಿ ಮಾಡಿದರಾಯಿತು,” ಎಂದೆ.

“ತಂಗಳು ಇಕ್ಕಿದ್ರು ಅಂತ ಇನ್ನಾರು ತಿಂಗ್ಳು ಮುನಿಸ್ಕೊಳ್ಳಾಕಾ? ಸುಮ್ಕಿರ್ಲಾ. ಓಗಿ ಅಂಗ್ಡೀಲಿ ಒಳ್ಳೆಣ್ಣೆ ತಗಂಬಾ. ಬಾಡ್ಗೆ ಸವರಿ ಮಡಗಿದ್ರೆ ನಾಳೆ ಗಂಟ ಏನೂ ಆಗಾಕಿಲ್ಲ.”

ಎಣ್ಣೆ ಸವರಿದರೆ ಮಾಂಸ ಕೆಡುವುದಿಲ್ಲವೇ! ನನ್ನೊಳಗಿನ ಅರ್ಧ ಬೆಂದ ವಿಜ್ಞಾನಿ ಎದ್ದು ಕೂತ. ಅಂಗಡಿಗೆ ಓಡಿದೆ. ಅಂಗಡಿಯಾತ ತಮಿಳಿನವನು. ಒಳ್ಳೆಣ್ಣೆ ಎಂದೊಡನೆ “ನಲ್ಲೆಣ್ಣೆಯಾ ಸಾರ್?” ಎಂದು ಕೇಳಿದ. ತಲೆಯ ತುಂಬ ನಲ್ಲಿ ಮೂಳೆಯೇ ತುಂಬಿಕೊಂಡಿದ್ದ ನನಗೆ ಇದು ಮೂಳೆಯಿಂದ ಹಿಂಡಿದ ಎಣ್ಣೆಯಿರಬೇಕೆಂದು ಅನ್ನಿಸಿತು. “ನಲ್ಲಿಯದ್ದು ಬೇಡ, ಒಳ್ಳೆ ಎಣ್ಣೆ ಕೊಡಿ,” ಎಂದು ಮಂಗಳೂರಿನವರ ಪಾಲಿಗೆ ಜಗತ್ತಿನ ಏಕೈಕ ಒಳ್ಳೆಯ ಎಣ್ಣೆಯನ್ನು ಬೆರಳು ಮಾಡಿ ತೋರಿಸಿದೆ. ಕೊಬ್ಬರಿ ಎಣ್ಣೆ.

ದೊಡ್ಡಮ್ಮ ಬಾಟಲಿ ಮೂಸಿದರು. “ಅಯ್ಯೋ ಮುಂಡೇದೇ! ಅಳಿಯಂಗೆ ಉಣ್ಣಾಕ್ ಇಕ್ಕಾನಾ, ತಲೆ ಬಾಚಾನಾ?”

ಆ ಸೀಮೆಯಲ್ಲಿ ಒಳ್ಳೆಣ್ಣೆ ಎಂದರೆ ಎಳ್ಳೆಣ್ಣೆ. ತಮಿಳಿನ ನಲ್ಲೆಣ್ಣೆಯೂ ಅದೇ, ತೆಲುಗಿನ ಮಂಚಿ ನೂನೆಯೂ ಅದೇ. ಒಂದೇ ಕೊಳಾಯಿಯ ಮುಂದೆ ಮೂರು ಭಾಷೆಯಲ್ಲಿ ಜಗಳವಾಡುವ ಜನ ಇದೊಂದನ್ನು ಮಾತ್ರ ಒಕ್ಕೊರಲಿನಿಂದ ಒಳ್ಳೆಯದು ಎಂದಿದ್ದಾರೆ. ಎಣ್ಣೆ ಎಂಬ ಮಾತೇ ಎಳ್ಳಿನ ನೆಯ್ಯಿಂದ, ಅಂದರೆ ಎಳ್ಳಿನ ಜಿಡ್ಡಿನಿಂದ ಹುಟ್ಟಿದ್ದು ಎನ್ನುತ್ತಾರೆ ಭಾಷಾಪಂಡಿತರು. ಅದು ನಿಜವಾದರೆ ತೆಂಗಿನೆಣ್ಣೆಗೆ ಎಣ್ಣೆ ಎಂದು ಕರೆಸಿಕೊಳ್ಳುವ ಹಕ್ಕೂ ಇಲ್ಲ.

ಎರಡನೇ ಸಲ ಓಡಿ ಸರಿಯಾದ ಎಣ್ಣೆ ತಂದೆ. ದೊಡ್ಡಮ್ಮ ಮಾಂಸಕ್ಕೆ ನೀರು ಸೋಕಿಸದೆ ಉಪ್ಪು, ಅರಿಶಿನ, ಕುಟ್ಟಿದ ಲವಂಗ ಹಚ್ಚಿ, ಮೇಲೆ ಒಳ್ಳೆಣ್ಣೆ ಸವರಿ, ಮಡಕೆಗೆ ತುಂಬಿ ಒದ್ದೆ ಮರಳಿನ ಮೇಲಿಟ್ಟರು. ನನ್ನ ಸಂದೇಹ ಕುಣಿಯತೊಡಗಿತು. ಕಾಪಾಡುವುದು ಎಣ್ಣೆಯೋ, ಉಪ್ಪೋ, ಲವಂಗದೊಳಗಿನ ಎಣ್ಣೆಯೋ, ಮರಳಿನ ತಂಪೋ, ಡಿಸೆಂಬರೋ? ಇಷ್ಟೆಲ್ಲವನ್ನು ಒಟ್ಟಿಗೆ ಮಾಡಿ ಪುಣ್ಯವನ್ನು ಒಬ್ಬರಿಗೇ ಕಟ್ಟುವುದು ಯಾವ ವಿಜ್ಞಾನ? ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ನಮ್ಮ ಮೇಷ್ಟರು ಆರು ವರ್ಷ ಗಂಟಲು ಹರಿದುಕೊಂಡಿದ್ದರು. ದೊಡ್ಡಮ್ಮ ಅತ್ತ ತಿರುಗಿದ್ದೇ ತಡ, ಒಂದು ಚೂರನ್ನು ಬರಿದಾಗಿ ಕಿಟಕಿಯಲ್ಲಿಟ್ಟೆ. ಕೈಗೆ ಸಿಕ್ಕಿದ ಇನ್ನೊಂದು ತುಂಡಿನ ಒಳ್ಳೆಣ್ಣೆ ಒರೆಸಿ, ಕೊಬ್ಬರಿ ಎಣ್ಣೆ ಬಳಿದು, ದಾರ ಕಟ್ಟಿ ಮಡಕೆಗೇ ಹಾಕಿದೆ. ರಾತ್ರಿ ನಿದ್ದೆ ಬರಲಿಲ್ಲ. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದವನಲ್ಲ.

ಬೆಳಿಗ್ಗೆ ಕಿಟಕಿಯ ಚೂರಿಗೆ ವಾಸನೆ ಬಂದಿತ್ತು. ಮಡಕೆಯ ಬಾಡು ಘಮ್ಮೆನ್ನುತ್ತಿತ್ತು. ಗೆದ್ದೆವು! ಹಿತ್ತಲಲ್ಲಿ ನಾನೊಬ್ಬನೇ ಕುಣಿದು ಒಳಗೆ ಬರುವಷ್ಟರಲ್ಲಿ ದೊಡ್ಡಮ್ಮ ಅಷ್ಟನ್ನೂ ಒಲೆಗೇರಿಸಿದ್ದರು. ದಾರ ಮಾತ್ರ ನೆಲದ ಮೇಲಿತ್ತು.

ಮಧ್ಯಾಹ್ನ ಭಾವ, ನಾಗಕ್ಕ ಇಬ್ಬರೂ ಬಂದರು. ಭಾವ, ದೊಡ್ಡಪ್ಪ, ನಾನು ಊಟಕ್ಕೆ ಕೂತೆವು. ದೊಡ್ಡಮ್ಮ ಎರಡು ಕೈಯಲ್ಲಿ ಸೌಟು ಹಿಡಿದು, ದೇವರಿಗೆ ನೈವೇದ್ಯ ಇಡುವಂತೆ ಭಾವನ ಎಲೆಗೆ ನಲ್ಲಿ ಮೂಳೆ ಬಡಿಸಿದರು. ಅದರ ಮೇಲೆ ದಾರ ಬಿಗಿದ ಗೆರೆ ಇನ್ನೂ ಕಾಣುತ್ತಿತ್ತು. ಹಿಂದಿನ ದಿನ ನಾನು ಬಳಿದ ತುಂಡು ಅದೇ. ಭಾವ ಬಾಯಿಗಿಟ್ಟರು. ಹೀರಿದರು. ನಿಲ್ಲಿಸಿದರು. ಮೂಸಿದರು. ನಾಗಕ್ಕ ಅಮ್ಮನ ಮುಖ ನೋಡಿದಳು. ಸೌಟು ಗಾಳಿಯಲ್ಲೇ ನಿಂತಿತು.

“ಅತ್ತೆ,” ಎಂದರು ಭಾವ, “ಈ ಕುರಿ ಸಾಯೋಕ್ ಮುಂಚೆ ತಲೆ ಬಾಚ್ಕಂಡಿತ್ತಾ?”

ನಾನು ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಗಾಬರಿಯಲ್ಲಿ ಅದು ಭಾಷಣದಂತೆ ಬಂತು: ಗಾಳಿಯ ಸಂಪರ್ಕ, ಸೂಕ್ಷ್ಮಜೀವಿಗಳು, ಹೋಲಿಕೆಯ ಮಾದರಿ. ಮೊದಲು ನಕ್ಕದ್ದು ನಾಗಕ್ಕ. ಆಮೇಲೆ ಭಾವ ಅನ್ನ ಗಂಟಲಿಗೆ ಸಿಕ್ಕುವಂತೆ ನಕ್ಕರು. “ಪರೀಕ್ಸೆ ಮಾಡಾಕೆ ನಿಂಗೆ ನನ್ ಮೂಳೇನೇ ಸಿಕ್ತೇನ್ಲಾ ಬಾಮೈದ?” ಎಂದು ಅದನ್ನು ಕೊನೆಯ ತನಕ ಹೀರಿ, ಇನ್ನೊಮ್ಮೆ ಸಾರು ಹಾಕಿಸಿಕೊಂಡರು. ಸಂಜೆ ರೈಲಿಗೆ ಒಬ್ಬರೇ ಹೋದರು. ನಾಗಕ್ಕ ಎಂಟು ದಿನ ಅಮ್ಮನ ಜೊತೆ ಉಳಿದಳು.

ಇದನ್ನೋದಿ ಯಾರೂ ಫ್ರಿಜ್ಜಿನ ಪ್ಲಗ್ಗು ಕೀಳಬೇಡಿ. ಅಂದು ಬಾಡನ್ನು ಉಳಿಸಿದ್ದು ಯಾವುದೆಂದು ನನಗೆ ಇವತ್ತಿಗೂ ತಿಳಿಯದು. ಮಿಕ್ಕದ್ದರ ಮೇಲೂ ಅನುಮಾನವಿದೆ. ದೊಡ್ಡಮ್ಮ ಸಾರಿಗೆ ಕೊಬ್ಬರಿ ಅರೆದು ಹಾಕಿಯೇ ಇರುತ್ತಾರೆ. ಅದರ ನಡುವೆ ಎರಡು ಹನಿ ಕೊಬ್ಬರಿ ಎಣ್ಣೆ ಗೊತ್ತಾಗುತ್ತದೆಯೇ? ಆ ಮೂಳೆ ತಿಂದದ್ದು ದೊಡ್ಡಪ್ಪ ಎಂದು ದೊಡ್ಡಮ್ಮ ಸಾಧಿಸುತ್ತಿದ್ದರು. ಭಾವನನ್ನೇ ಕೇಳಿದರೆ “ಯಾವ ಮೂಳೆಯಯ್ಯಾ?” ಎನ್ನುತ್ತಾರೆ. ನಾಗಕ್ಕ ಮಾತ್ರ, ತಾನು ತಲೆಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿದಾಗಲೆಲ್ಲ ಗಂಡ ಒಂದು ಮಾತು ಕೇಳುತ್ತಾರೆ ಎಂದಳು. ನಾನು ನಂಬಲಿಲ್ಲ.

ಹೋದ ತಿಂಗಳು ಬಂಗಾರಪೇಟೆಗೆ ಹೋದಾಗ ಪರೀಕ್ಷಿಸಿಯೇ ಬಿಟ್ಟೆ. ಭಾವ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಅಡಿಗೆಮನೆಯಲ್ಲಿ ಸದ್ದಿಲ್ಲದೆ ಒಂದು ಚಮಚ ಒಳ್ಳೆಣ್ಣೆ ಕಾಯಿಸಿದೆ. ಹೊರಗೆ ಪುಟ ಮಗುಚಿದ ಸದ್ದು, ಅಷ್ಟೆ. ಐದು ನಿಮಿಷ ಬಿಟ್ಟು, ಚಮಚ ತೊಳೆದು, ಕೊಬ್ಬರಿ ಎಣ್ಣೆ ಕಾಯಿಸಿದೆ.

ಪೇಪರು ಮಡಚಿದ ಸದ್ದು.

“ಏನೇ ನಾಗು, ಇವತ್ತು ಬಾಡಾ?”