ಹಸಿರು ಗೆರೆಯ ಸಾಲೊಂಗೊ

ಮಸಾಕಾ ಪೇಟೆಯ ಈ ಇಂಟರ್ನೆಟ್ ಅಂಗಡಿಯವನಿಗೆ ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿಲ್ಲ. ಅವಳಿ ಹೆಣ್ಣುಮಕ್ಕಳ ಅಪ್ಪನಾದ ದಿನದಿಂದ ಅವನು ಊರಿಗೆಲ್ಲ ಸಾಲೊಂಗೊ, ಅಲ್ಲಿನ ಮಾತಿನಲ್ಲಿ ಅವಳಿಗಳ ಅಪ್ಪ. ಹೆಡ್‌ಸೆಟ್ಟಿನ ಮೈಕ್ ಸತ್ತಿತೆಂದು ಯಾರೇ ಕೈಬೀಸಿ ಕರೆದರೂ ಅವನು ವೈರು ಮುಟ್ಟುವವನಲ್ಲ. ಲಿನಕ್ಸ್‌ನ ಸೌಂಡ್ ಸೆಟ್ಟಿಂಗ್ ತೆರೆದು, "ನೋಡಮ್ಮಾ, ನೀನು ಇಲ್ಲಿ ಅರಚ್ತಿದ್ದೀಯ, ಕಂಪ್ಯೂಟರು ಇನ್ಯಾವುದೋ ಮೈಕಿಗೆ ಕಿವಿಗೊಟ್ಟು ಕೂತಿದೆ" ಎಂದು ಕುಟುಕುತ್ತಾನೆ. ಸರಿಯಾದ ಮೈಕ್ ಆರಿಸಿದ ಮೇಲೂ ಬರೀ ಹಲೋ ಅಂದರೆ ಅವನಿಗೆ ಸಿಟ್ಟು. "ಮನುಷ್ಯರ ಹಾಗೆ ಮಾತಾಡಿಸು! ರಾತ್ರಿ ನಿದ್ದೆ ಬಂತಾ, ಮನೇಲಿ ಎಲ್ಲರೂ ಹೇಗಿದ್ದಾರೆ, ಕೇಳು!" ಗಿರಾಕಿ ಮೈಕಿನ ಕ್ಷೇಮಸಮಾಚಾರ ವಿಚಾರಿಸುತ್ತಿದ್ದಂತೆ ಪರದೆಯಲ್ಲಿ ದನಿ ಅಳೆಯುವ ಹಸಿರು ಗೆರೆ ಕುಣಿಯುತ್ತದೆ. "ಹ್ಞಾಂ, ಜೀವ ಬಂತು!" ಅವನ ಕಣ್ಣು ಆ ಗೆರೆ ಬಿಟ್ಟು ಕದಲುವುದಿಲ್ಲ. ಕದಲುವುದಾದರೂ ಹೇಗೆ? ಸಾಲೊಂಗೊನ ಕಿವಿ ಕೆಟ್ಟು ಆರು ವರ್ಷವಾಯಿತು. ಭಾನುವಾರ ದೋಹಾದಿಂದ ಮಕ್ಕಳ ಕರೆ ಬಂದಾಗ ಹೆಡ್‌ಸೆಟ್ ಹೆಂಡತಿಯ ತಲೆಗೆ. ಅವಳಿಗಳ ದನಿ ಒಂದೇ ಥರ. ಹೆತ್ತವಳೇ ತಡವರಿಸಿ, ದೊಡ್ಡವಳೆಂದು ಒಂದು ಬೆರಳು ತೋರಿಸುತ್ತಾಳೆ. ಅವನು ಪರದೆಯಲ್ಲಿ ಆ ದನಿಗೆ ಕುಣಿಯುವ ಗೆರೆ ನೋಡಿ ನಗುತ್ತಾನೆ: "ಅಲ್ಲ ಕಣೇ, ಚಿಕ್ಕವಳು. ದೊಡ್ಡವಳ ಗೆರೆ ಇಷ್ಟೆತ್ತರ ಹಾರಲ್ಲ." ಇವತ್ತಿನವರೆಗೆ ಒಮ್ಮೆಯೂ ಅವನು ತಪ್ಪಿಲ್ಲ.