ದೊಡ್ಡಮ್ಮ ಎತ್ತದ ಹೆಸರು

ನಡೆಯುವಾಗ ನಮ್ಮ ಪಕ್ಕದ ಮನೆ ದೊಡ್ಡಮ್ಮ ಬಲಗೈಯಿಂದ ತಮ್ಮದೇ ಎಡ ಮಣಿಕಟ್ಟನ್ನು ಹಿಡಿದುಕೊಂಡಿರುತ್ತಿದ್ದರು. ಎಂಥ ಹಿಡಿತ ಅಂದರೆ, ಬಿಟ್ಟ ಮೇಲೂ ಬೆರಳ ಗುರುತು ಉಳಿಯುತ್ತಿತ್ತು. ಮನೆಮಾತು ತುಳು. ನನ್ನ ಹತ್ತಿರ ಕನ್ನಡ, ಅದರಲ್ಲಿ ಅರ್ಧ ಬೈಗುಳ.

ನಮ್ಮೂರು ಸಂಸೆಯ ಮೇಲಿನ ಗುಡ್ಡದಲ್ಲಿ ಅವರ ಜನ ಬಂಡೆಗೆ, ಹಳ್ಳಕ್ಕೆ, ತಿರುವಿಗೆ ಇಟ್ಟ ತುಳು ಹೆಸರುಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಈಗಿನವರ ಬಾಯಲ್ಲಿ ಬರೀ ಹೋಂಸ್ಟೇ ಬೋರ್ಡಿನ ಹೆಸರುಗಳು. ಆ ಹಳೇ ಹೆಸರುಗಳನ್ನೆಲ್ಲ ಮೊಬೈಲಿನ ನಕ್ಷೆಗೆ ಸೇರಿಸುತ್ತೇನೆ ಅಂದಾಗ ದೊಡ್ಡಮ್ಮ ತಾವೇ ಮುಂದೆ ನಡೆದರು.

'ಇದು ಪಿಲಿಪಾದೆ, ಹುಲಿಬಂಡೆ. ಹೆದರಬೇಡ ಮಾರಾಯ, ನಿನ್ನಂಥ ಒಣಕಲನ್ನ ಹುಲಿ ಮೂಸೋದೂ ಇಲ್ಲ.'

ಹಳ್ಳ ದಾಟುವ ಜಾಗದಲ್ಲಿ ಮಾತ್ರ ಅವರ ಬಾಯಿ ಕಟ್ಟಿತು. ಅವರ ಗಂಡ ಕೊಚ್ಚಿಹೋದದ್ದು ಅಲ್ಲೇ. ಮನೆಯವರನ್ನು ನುಂಗಿದ ಜಾಗದ ಹೆಸರನ್ನು ಆ ಮನೆಯವರು ಮತ್ತೆ ಎತ್ತಬಾರದು ಅನ್ನುವುದು ಅವರ ಮನೆಯ ಕಟ್ಟು. ಹೆಸರು ಗೊತ್ತಿದ್ದ ಉಳಿದ ಹಿರಿಯರೆಲ್ಲ ತೀರಿಕೊಂಡಿದ್ದರು.

'ಅದೊಂದು ಬಿಡು,' ಅಂದರು. ನಾನು ಒತ್ತಾಯ ಮಾಡಲಿಲ್ಲ. ಆದರೆ ಇವರ ಜೊತೆಗೇ ಅದೂ ಹೋಗುತ್ತದಲ್ಲ ಅಂತ ಸಂಕಟವಾಯಿತು.

ವಾಪಸು ಬರುವಾಗ ಹಳ್ಳ ಏರಿತ್ತು. ಮೇಲೆಲ್ಲೋ ಮಳೆ ಹೊಡೆದಿರಬೇಕು, ನೀರು ಕೆಂಪಾಗಿತ್ತು. ಮೊಬೈಲನ್ನು ತಲೆಯ ಮೇಲೆ ಹಿಡಿದು ನಾನೊಬ್ಬನೇ ಇಳಿದೆ. ನೀರು ತೊಡೆ ಮುಟ್ಟಿತು. ಕಾಲಡಿಯ ಕಲ್ಲು ಹೊರಳಿತು.

'ಕೈ ಪತ್ತುನ ಕಲ್ಲ್!' ಹಿಂದಿನಿಂದ ಚೀರಿದರು.

ಕೈ ಹಿಡಿಯುವ ಕಲ್ಲು. ಅಷ್ಟು ತುಳು ನನಗೆ ಬರುತ್ತಿತ್ತು. ಕೈ ಹಿಂದಕ್ಕೆ ಚಾಚಿದೆ. ಮಣಿಕಟ್ಟು ಬಿಟ್ಟು ಬಂದ ಬಲಗೈ ನನ್ನ ಕೈಯನ್ನು ಹಿಡಿದುಕೊಂಡಿತು.

ಕೈ ಬಿಡದೆ ಇಬ್ಬರೂ ದಾಟಿದೆವು. ಆಚೆ ದಡದಲ್ಲಿ ದೊಡ್ಡಮ್ಮ ಕೂತು ಅತ್ತರು.

'ಅವರೂ ಹೀಗೇ ನನ್ನ ಕೈ ಕೊಡವಿ ಒಬ್ಬರೇ ಇಳಿದ್ರು. ಇಲ್ಲಿ ಯಾರೂ ಒಬ್ಬರೇ ಇಳೀಬಾರ್ದು ಅಂತಲೇ ಹಿರಿಯರು ಆ ಹೆಸರು ಇಟ್ಟಿದ್ದು. ನಿನಗೂ ಹೇಳದೆ ನಾನು ಬಾಯಿ ಮುಚ್ಚಿಕೊಂಡು ಕೂತೆ.' ಸೆರಗಲ್ಲಿ ಮೂಗು ಒರೆಸಿಕೊಂಡರು. 'ಹಾಕು ನಿನ್ನ ನಕ್ಷೆಗೆ. ಕಟ್ಟು ಮುರಿದದ್ದು ನನ್ನ ತಲೆ ಮೇಲಿರಲಿ.'

ಆವತ್ತು ನಾನು ಮನೆಗೆ ಬಂದದ್ದು ಅವರಿಂದ. ಅದನ್ನು ಎಷ್ಟು ಸಲ ಹೇಳಿದರೂ ಸಾಲದು.

ಹೋದ ಮಳೆಗಾಲದಲ್ಲಿ ದೊಡ್ಡಮ್ಮ ತೀರಿಕೊಂಡರು. ಸುಡುವ ಜಾಗ ಹಳ್ಳದಾಚೆ. ಹೊತ್ತವರು ನೀರಿನ ಅಂಚಿಗೆ ಬಂದು ನಿಂತರು. ಆ ಜಾಗದ ಹೆಸರನ್ನು ಯಾವತ್ತೂ ಬಾಯಿಗೆ ತರದ ಅವರ ಮಗ, ನನ್ನ ನಕ್ಷೆಯಲ್ಲಿ ಓದಿದ್ದನ್ನು ಗಟ್ಟಿಯಾಗಿ ಕೂಗಿದ: 'ಕೈ ಪತ್ತುನ ಕಲ್ಲ್!' ಹಿಂದಿದ್ದವರೆಲ್ಲ ಕೈ ಕೈ ಹಿಡಿದುಕೊಂಡೆವು.